ನಾಲ್ಕನೇ ರೀಲಿನ ಬಾಲ

ನಾನು ನಿವೃತ್ತನಾದಾಗ ನನಗೆ ಮೂವತ್ತನಾಲ್ಕು ವರ್ಷ. 1990ರ ಜೂನ್‌ನಿಂದ 2007ರ ಮಾರ್ಚ್‌ವರೆಗೆ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ಟೆಂಟು ಮತ್ತು ಟಾಕೀಸುಗಳಲ್ಲಿ ಸಿನಿಮಾ ಯಂತ್ರ ನಡೆಸಿದೆ. ಧಣಿ ಒಬ್ಬರೇ. ಎಲ್ಲಿ ಆಪರೇಟರ್ ಇಲ್ಲವೋ ಅಲ್ಲಿಗೆ ನನ್ನನ್ನು ಬಸ್ಸು ಹತ್ತಿಸುತ್ತಿದ್ದರು. ಕೊನೆಗೆ ಟೆಂಟುಗಳು ಒಂದೊಂದಾಗಿ ಗೋದಾಮು, ಕಲ್ಯಾಣ ಮಂಟಪ ಆದವು. ಉಳಿದ ಟಾಕೀಸಿಗೆ ರೀಲು ಬೇಡದ ಯಂತ್ರ ಬಂತು. ನನಗಿಂತ ಮೊದಲು ನನ್ನ ಕೆಲಸಕ್ಕೆ ವಯಸ್ಸಾಯಿತು.

ಆ ಹೊಸ ಯಂತ್ರಕ್ಕೆ ಸೇರಿಕೊಂಡ ಇಬ್ಬರು ತರುಣರು ಹೋದ ತಿಂಗಳು ಮನೆಗೆ ಬಂದಿದ್ದರು. ಅವರಲ್ಲಿ ಒಬ್ಬ ಕೇಳಿದ:

“ಅಣ್ಣ, ನಿಮ್ ಕಾಲ್ದಾಗ ಆಪರೇಟರ್‌ಗೆ ಏನ್ ಕೆಲ್ಸ ಇರ್ತಿತ್ತು? ಲೈಟ್ ಹಚ್ಚಿ ಬೀಡಿ ಸೇದಕೋಂತ ಕುಂದ್ರೋದ ಅಲ್ಲೇನು?”

ನಾನು ಬೀಡಿ ಸೇದುವುದಿಲ್ಲ. ಉಳಿದ ಪ್ರಶ್ನೆಗೆ ಉತ್ತರ ಹೇಳಲು ಅಟ್ಟದಿಂದ ಡೈರಿಗಳನ್ನು ಇಳಿಸಿದೆ. ಎಷ್ಟು ಆಟ, ಎಷ್ಟು ರೀಲು, ಫಿಲಂ ಎಲ್ಲಿ ಹರಿಯಿತು, ಎಷ್ಟು ಜಾಯಿಂಟು ಹಾಕಿದೆ, ಯಂತ್ರದ ಬೆಳಕಿಗೆ ಹಚ್ಚುವ ಕಾರ್ಬನ್ ಕಡ್ಡಿ ಎಷ್ಟು ಉರಿಯಿತು, ಎಲ್ಲ ದಿನದಿನಕ್ಕೆ ಬರೆದಿಟ್ಟಿದ್ದೇನೆ. ಎಲ್ಲವನ್ನೂ ಹೇಳುತ್ತ ಹೋದರೆ ಕೇಳುವವರಿಗೆ ನಿದ್ದೆ ಬರುತ್ತದೆ. ಅದಕ್ಕಾಗಿ ಒಂದು ಚಿತ್ರದ ಕಥೆ, ಅದರಲ್ಲೂ ಒಂದೇ ರೀಲಿನ ಕಥೆ ಬರೆಯುತ್ತೇನೆ. ನಮ್ಮ ಕೆಲಸ ಏನಿತ್ತೆಂಬುದು ಅದರೊಳಗೇ ಬರುತ್ತದೆ.

ಮೊದಲು ಎರಡು ಮಾತು. ಒಂದು ಚಿತ್ರವೆಂದರೆ ಹದಿನಾಲ್ಕು ಹದಿನೈದು ರೀಲು. ಟೆಂಟಿನಲ್ಲಿ ಒಂದೇ ಯಂತ್ರ. ಒಂದು ರೀಲು ಮುಗಿದ ಮೇಲೆ ದೀಪ ಹಾಕಿ, ಮುಂದಿನ ರೀಲು ಏರಿಸಿ, ಮತ್ತೆ ದೀಪ ಆರಿಸಬೇಕು. ಪರದೆಯ ಮೇಲೆ ಒಂದು ಸೆಕೆಂಡು ಕಾಣುವುದಕ್ಕೆ ಫಿಲಮ್ಮಿನಲ್ಲಿ ಇಪ್ಪತ್ತನಾಲ್ಕು ಸಣ್ಣ ಚಿತ್ರಗಳು ಬೇಕು. ಅವುಗಳಿಗೆ ನಾವು ಫ್ರೇಮು ಅನ್ನುತ್ತಿದ್ದೆವು. ಹರಿದ ಫಿಲಮ್ಮನ್ನು ಕೂಡಿಸಲು ಒಂದು ಫ್ರೇಮನ್ನು ಬ್ಲೇಡಿನಿಂದ ಕೆರೆದು, ಸಿಮೆಂಟು ಎಂಬ ಅಂಟು ಹಚ್ಚಿ, ಇನ್ನೊಂದು ತುದಿಯನ್ನು ಅದರ ಮೇಲೆ ಒತ್ತಬೇಕು. ಅಂದರೆ ಪ್ರತಿ ಜಾಯಿಂಟಿಗೂ ಒಂದು ಫ್ರೇಮು ಹೋಗುತ್ತದೆ. ಹೆಚ್ಚು ಪೆಟ್ಟು ತಿನ್ನುವುದು ರೀಲಿನ ತಲೆ ಮತ್ತು ಬಾಲ. ಏರಿಸುವಾಗ ತಲೆ ಹರಿಯುತ್ತದೆ, ಮುಗಿದಾಗ ಪಟಪಟ ಬಡಿದು ಬಾಲ ಹರಿಯುತ್ತದೆ.

ನನಗೆ ಇದನ್ನೆಲ್ಲ ಕಲಿಸಿದವರು ಕೊಟ್ಟೂರು ಟೆಂಟಿನ ದೊಡ್ಡ ಆಪರೇಟರ್ ಕೊಟ್ರಪ್ಪ. ಆಗ ಅವರಿಗೆ ಐವತ್ತೈದು ದಾಟಿತ್ತು. ಕಾರ್ಬನ್ನಿನ ಬೆಳಕು ನೋಡಿ ನೋಡಿ ಕಣ್ಣು ಸದಾ ಕೆಂಪಗಿರುತ್ತಿದ್ದವು. ಫಿಲಮ್ಮನ್ನು ಎರಡು ಬೆರಳ ನಡುವೆ ಹಾಯಿಸುತ್ತಲೇ ಎಲ್ಲಿ ಅಂಚು ಸೀಳಿದೆ ಎಂದು ಹೇಳುತ್ತಿದ್ದರು. ನನ್ನ ಡೈರಿ ಕಂಡರೆ ಅವರಿಗೆ ನಗು.

“ಏನಲೇ ಬಸ್ಯಾ, ಹರಿದದ್ದೂ ಬರೀತಿ, ಅಂಟಿಸಿದ್ದೂ ಬರೀತಿ. ಶಾನುಭೋಗನ ಹೊಟ್ಟಿಯಾಗ ಹುಟ್ಟಬೇಕಾಗಿತ್ತು ನೀನು.”

1994ರ ಆಗಸ್ಟ್ 12ರಂದು ಕೊಟ್ಟೂರಿಗೆ ಆ ಚಿತ್ರ ಬಂತು. ಹದಿನಾಲ್ಕು ರೀಲು, ಮನೆಮಂದಿಯೆಲ್ಲ ನೋಡುವ ನಗೆಚಿತ್ರ. ಒಬ್ಬ ಮೇಷ್ಟ್ರು, ಅವರ ಹೆಂಡತಿ, ಅತ್ತೆ, ಎರಡು ಮಕ್ಕಳು ಹಳೆಯ ಅಂಬಾಸಿಡರ್ ಕಾರಿನಲ್ಲಿ ಮದುವೆಗೆ ಹೊರಟಿರುತ್ತಾರೆ. ದಾರಿ ತಪ್ಪಿ ಒಂದು ಕೋಟೆಯ ಬಾಗಿಲು ಹಾಯುತ್ತಾರೆ. ಆಚೆ ಬಂದರೆ ಆರುನೂರು ವರ್ಷದ ಹಿಂದಿನ ರಾಜ್ಯ. ಕಾರಿನಿಂದ ಹೊಗೆ ಬರುವುದನ್ನು ಕಂಡು ಸೈನಿಕರು ಬೆಚ್ಚಿ ಬೀಳುತ್ತಾರೆ. ಆಮೇಲೆ ಅತ್ತೆಗೂ ರಾಣಿಗೂ ಉಪ್ಪಿನಕಾಯಿಯ ಸಲುವಾಗಿ ಜಗಳ, ಕುಕ್ಕರ್ ಕೂಗಿದ್ದಕ್ಕೆ ಸೈನ್ಯವೇ ಓಡುವುದು, ಹೀಗೆ. ಊರಿನ ಜನ ಅದನ್ನು ಹೆಸರಿನಿಂದ ಕರೆಯಲಿಲ್ಲ. “ಹಿಂದಕ್ಕೆ ಹೋಗೋ ಪಿಕ್ಚರ್” ಅಂದರು. ಕೋಟೆಯ ಭಾಗವನ್ನೆಲ್ಲ ಉಚ್ಚಂಗಿದುರ್ಗದಲ್ಲಿ ತೆಗೆದಿದ್ದರಿಂದ ನಮ್ಮ ಕಡೆ ಎಲ್ಲರಿಗೂ ಅದು ನಮ್ಮದೇ ಚಿತ್ರ ಅನ್ನಿಸಿತ್ತು.

ಮೂರನೆಯ ದಿನ ಮ್ಯಾಟಿನಿ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ನಮ್ಮ ಯಂತ್ರದ ಕೋಣೆಯ ಬಾಗಿಲಿಗೆ ಬಂದು ನಿಂತಳು. ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯ. ಬಸುರಿ. ಹಣೆ, ಕೈ ಬರಿದಾಗಿದ್ದವು. ಅವಳ ಬೆನ್ನ ಹಿಂದೆ ಗೇಟಿನವನು ಯಾರಿಗೋ, “ಗಂಡ ಸತ್ತು ಆರ್ ತಿಂಗ್ಳಾಗಿಲ್ಲ, ಪಿಕ್ಚರ್ ನೋಡಾಕ ಬಂದಾಳ ನೋಡು” ಎನ್ನುತ್ತಿದ್ದುದು ನಮಗೂ ಕೇಳಿಸಿತು, ಅವಳಿಗೂ ಕೇಳಿಸಿತು.

“ಅಣ್ಣಾರ, ಕಾರು ಬರ್ತೈತಲ್ರಿ, ಆ ಜಾಗ ಇನ್ನೊಂದ್ಸಲ ತೋರಸ್ತೀರೇನ್ರಿ?”

“ಏ ತಾಯಿ, ಇದೇನು ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಏನವಾ, ಹಾಳಿ ತಿರುವಿ ತೋರಸಾಕ?” ಎಂದರು ಕೊಟ್ರಪ್ಪ.

“ಅಲ್ಲಿ ನಮ್ಮ ಮನಿಯವ್ರು ಅದಾರ್ರಿ.”

ಅವಳೇ ಹೇಳಿದಳು. ಹೆಸರು ಉಚ್ಚೆಂಗೆಮ್ಮ. ಗಂಡನ ಮನೆ ದುರ್ಗದ ಹತ್ತಿರದ ಅರಸೀಕೆರೆ. ಗಂಡ ಬಡಗಿ. ಜನವರಿಯಲ್ಲಿ ದುರ್ಗದ ಮೇಲೆ ಶೂಟಿಂಗ್ ನಡೆದಾಗ ಸೆಟ್ಟಿನ ಮರಗೆಲಸಕ್ಕೆ ಹೋಗಿದ್ದವನನ್ನು ಆಳು ಸಾಲದೆಂದು ಸೈನಿಕನ ವೇಷ ಹಾಕಿ ನಿಲ್ಲಿಸಿದ್ದರು. ಮಾರ್ಚಿನಲ್ಲಿ ಕಾಮಾಲೆಯಾಯಿತು. ಹತ್ತೊಂಬತ್ತು ದಿನದಲ್ಲಿ ತೀರಿಕೊಂಡ. ಗಂಡನ ಹೆಸರನ್ನು ಅವಳು ಹೇಳಲಿಲ್ಲ. ಕೊಟ್ರಪ್ಪ ಕೇಳಿದಾಗ ಕೈಬೆರಳಿನಿಂದ ಬಾಗಿಲ ಧೂಳಿನ ಮೇಲೆ ಬರೆದಳು: ಹಾಲೇಶ.

“ಎಲ್ಲಾರೂ ಅಂಜಿ ಹಿಂದಕ್ಕ ಸರೀತಾರ್ರಿ. ಅವ್ರು ಒಬ್ರು ನಗತಾರ. ಅಂಜ್ರಿ ಅಂತ ಅವ್ರಿಗೆ ಹೇಳಿದ್ರಂತ್ರಿ. ಆ ಕಾರಿನ್ಯಾಗ ಮುದುಕಿ ಕುಂತಿದ್ದು ನೋಡಿ ನಗು ತಡಕಳ್ಳಾಕ ಆಗಲಿಲ್ಲ ಅಂತ ಮನಿಗೆ ಬಂದು ಹೇಳಿದ್ರು.”

“ಮನ್ಯಾಗ ಫೋಟೋ ಇಲ್ಲೇನವಾ?”

“ಐತ್ರಿ, ಮದಿವಿದು. ಅಲುಗಾಡಬ್ಯಾಡ ಅಂತ ಸ್ಟುಡಿಯೋದವ ಬೈದಿದ್ದ. ಬಾಯಿ ಬಿಗಿ ಹಿಡ್ಕಂಡು ಪೊಲೀಸ್ರ ಮುಂದ ನಿಂತಂಗ ನಿಂತಾರ್ರಿ. ಅವ್ರು ಹಂಗಿರಲಿಲ್ಲ.”

ಮ್ಯಾಟಿನಿಗೂ ಸಂಜೆಯ ಮೊದಲ ಆಟಕ್ಕೂ ನಡುವೆ ಒಂದೂವರೆ ಗಂಟೆ ಬಿಡುವು. ಖಾಲಿ ಟೆಂಟಿನಲ್ಲಿ ಯಂತ್ರ ನಡೆಸಬಾರದು ಎಂಬುದು ಧಣಿಯ ಕಟ್ಟಪ್ಪಣೆ. ಕಾರ್ಬನ್ ದಂಡವಾಗುತ್ತದೆ. ಕೊಟ್ರಪ್ಪ ಬಾಗಿಲ ಪರದೆ ಇಳಿಸಲು ನನಗೆ ಸನ್ನೆ ಮಾಡಿದರು. ನಾಲ್ಕನೇ ರೀಲನ್ನು ಏರಿಸಿ, ಕಡೆಯ ಭಾಗವನ್ನು ಓಡಿಸಿದರು. ತಗಡಿನ ಸಂದಿನಿಂದ ಬೆಳಕು ಬರುತ್ತಿದ್ದುದರಿಂದ ಚಿತ್ರ ತೆಳ್ಳಗೆ ಕಾಣುತ್ತಿತ್ತು. ಕಾರು ನಿಂತಿತು, ಹೊಗೆ ಬಂತು, ಈಟಿ ಹಿಡಿದ ಏಳು ಜನ ಹಿಂದೆ ಸರಿದರು. ಎಡದಿಂದ ಮೂರನೆಯವನು ತುಟಿ ಕಚ್ಚಿ ಹಿಡಿದ, ಸೋತ, ಒಂದು ಕ್ಷಣ ಬಾಯಿ ತುಂಬ ನಕ್ಕ, ಮುಖ ಆಚೆ ತಿರುಗಿಸಿದ. ಅಷ್ಟಕ್ಕೆ ರೀಲು ಮುಗಿಯಿತು. ಉಚ್ಚೆಂಗೆಮ್ಮ ನೆಲದ ಮೇಲೆ ಕೂತು ನೋಡಿದಳು. ಅಳಲಿಲ್ಲ. ಎದ್ದು ಬಂದು ಒಂದೇ ಮಾತು ಕೇಳಿದಳು.

“ಹೊಟ್ಟಿಯಾಗಿನ ಕೂಸು ಹುಟ್ಟಿ, ಅದಕ್ಕ ತಿಳಿವಳಿಕಿ ಬಂದ ಮ್ಯಾಲೆ ತೋರಿಸ್ಬೇಕ್ರಿ, ನಿಮ್ಮಪ್ಪ ಹಿಂಗಿದ್ರು ಅಂತ. ಅಲ್ಲೀಮಟ ಈ ಪಿಕ್ಚರ್ ಇರತೈತೇನ್ರಿ?”

“ಇರತೈತವಾ. ಮಕ್ಕಳ ಪಿಕ್ಚರ್ ಇದು, ಶಾಲಿ ಸೂಟಿ ಬಿಟ್ಟಾಗೆಲ್ಲ ತಿರುಗಿ ಬರತೈತಿ” ಎಂದರು ಕೊಟ್ರಪ್ಪ.

ಅವಳು ಹೋದ ಮೇಲೆ ನನ್ನ ಕಡೆ ತಿರುಗಿದರು. “ಬಸ್ಯಾ, ಪಿಕ್ಚರ್ ಬರತೈತಿ. ಆದ್ರ ಆ ಮನಿಶ್ಯಾ ಬರೋದು ಬಾಲದಾಗ. ಬಾಲ ಎಷ್ಟ್ ದಿನ ಬಾಳತೈತಿ? ಈಗ ಎಣಸು, ನಿನ್ನ ಡೈರಿಗೆ ಒಂದು ಕೆಲ್ಸ ಸಿಕ್ತು.”

ರೀಲನ್ನು ಹಿಂದಕ್ಕೆ ಸುತ್ತುವ ರಿವೈಂಡರ್ ಮೇಲೆ ಹಾಕಿ ಎಣಿಸಿದೆ. ಕಾರು ದಾಟಿ ಸೈನಿಕರು ಕಾಣುವಲ್ಲಿಂದ ಕೊನೆಯವರೆಗೆ ನೂರ ನಾಲ್ಕು ಫ್ರೇಮು. ನಾಲ್ಕು ಸೆಕೆಂಡಿಗೆ ಸ್ವಲ್ಪ ಮೇಲೆ. ಡೈರಿಯಲ್ಲಿ ಬರೆದೆ: “ಹಾಲೇಶ – 104.”

ಆಗ ಆಪರೇಟರುಗಳ ನಡುವೆ ಒಂದು ರೂಢಿ ಇತ್ತು. ಪ್ರಿಂಟಿನಲ್ಲಿ, ಅಂದರೆ ಊರೂರು ತಿರುಗುವ ಚಿತ್ರದ ಪ್ರತಿಯಲ್ಲಿ, ಎಲ್ಲಿ ಸೀಳಿದೆ, ಎಲ್ಲಿ ಹುಷಾರಾಗಿರಬೇಕು ಎಂದು ಒಂದು ಚೀಟಿ ಬರೆದು ರೀಲಿನ ಡಬ್ಬಿಯೊಳಗೆ ಇಡುತ್ತಿದ್ದೆವು. ಮುಂದಿನ ಊರಿನವನು ಮುಖ ಕಂಡವನಲ್ಲದಿದ್ದರೂ ಆ ಚೀಟಿ ಓದುತ್ತಿದ್ದ. ಕೊಟ್ರಪ್ಪ ಹೇಳಿದಂತೆ ನಾಲ್ಕನೇ ಡಬ್ಬಿಗೆ ನಾನು ಚೀಟಿ ಬರೆದೆ: “ಬಾಲದಲ್ಲಿ ಎಡದಿಂದ ಮೂರನೆಯವರು ನಮ್ಮ ಕಡೆಯವರು, ತೀರಿಕೊಂಡಿದ್ದಾರೆ. ಮಗು ಹುಟ್ಟುವುದಿದೆ, ಅದಕ್ಕೆ ತೋರಿಸಬೇಕು. ದಯಮಾಡಿ ಬಾಲ ಕತ್ತರಿಸಬೇಡಿ. ಹರಿದರೆ ಎಷ್ಟು ಹೋಯಿತೆಂದು ಕೆಳಗೆ ಬರೆಯಿರಿ.” ಪೆಟ್ಟು ತಿನ್ನಲೆಂದು ಬಾಲಕ್ಕೆ ಮೂರು ಮೊಳ ಕರಿ ಫಿಲಂ ಕೂಡ ಕೂಡಿಸಿದೆ.

ಮಾರನೆ ವರ್ಷದ ಮೇ ತಿಂಗಳಲ್ಲಿ ನಾನು ಕೂಡ್ಲಿಗಿ ಟೆಂಟಿನಲ್ಲಿದ್ದಾಗ ಅದೇ ಪ್ರಿಂಟು ಬಂತು. ರೀಲಿನ ತಲೆಯ ಮೇಲೆ ಗೀಚಿದ ನಂಬರಿನಿಂದ ಗುರುತು ಸಿಕ್ಕಿತು. ಚೀಟಿ ಡಬ್ಬಿಯಲ್ಲೇ ಇತ್ತು. ಕೆಳಗೆ ಬೇರೆ ಬೇರೆ ಕೈಬರಹ: “ಹರಪನಹಳ್ಳಿ – 2. ತಪ್ಪಾಯಿತು.” “ಯಂತ್ರದ ಗೇಟಿನಲ್ಲಿ ಸಿಕ್ಕಿತು, 3 ಹೋಯಿತು. ಗಂಡೋ ಹೆಣ್ಣೋ?” ಇನ್ನೊಬ್ಬ ಸಹಿ ಇಲ್ಲದೆ “2” ಎಂದಷ್ಟೇ ಬರೆದಿದ್ದ. ನಾನು ಎಣಿಸಿದೆ. ತೊಂಬತ್ತೇಳು. ಯಾರೂ ಸುಳ್ಳು ಬರೆದಿರಲಿಲ್ಲ. ಆ ವೇಳೆಗೆ ಹೊಳಲಿನ ಕಡೆ ಹೋಗುವ ಬಸ್ಸಿನ ಕಂಡಕ್ಟರನಿಂದ ತಿಳಿದಿತ್ತು: ಉಚ್ಚೆಂಗೆಮ್ಮ ಬಾಣಂತನಕ್ಕೆ ತವರು ಹೊಳಲಿಗೆ ಬಂದವಳು ಅಲ್ಲೇ ಉಳಿದಿದ್ದಾಳೆ, ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುತ್ತಾಳೆ, ಹೆಣ್ಣು ಮಗು, ಪವಿತ್ರ ಎಂದು ಹೆಸರು. ಅದನ್ನು ಚೀಟಿಯಲ್ಲಿ ಸೇರಿಸಿದೆ.

ಕೂಡ್ಲಿಗಿಯಲ್ಲಿ ನಾನು ಮಾಡಿದ ತಪ್ಪನ್ನೂ ಬರೆಯಬೇಕು. ಡಬ್ಬಿಗಳ ಮೇಲಿನ ಅಂಕಿ ಅಳಿಸಿದ್ದರಿಂದ ಏಳನೇ ರೀಲಿನ ಜಾಗಕ್ಕೆ ಒಂಬತ್ತನ್ನೂ, ಒಂಬತ್ತರ ಜಾಗಕ್ಕೆ ಏಳನ್ನೂ ಏರಿಸಿದೆ. ಮೂರು ದಿನ, ಒಂಬತ್ತು ಆಟ ಹಾಗೆಯೇ ಓಡಿತು. ಒಬ್ಬರೂ ಕೇಳಲಿಲ್ಲ. ಹಿಂದಿನ ಕಾಲಕ್ಕೆ ಹೋಗುವ ಚಿತ್ರವಾದ್ದರಿಂದ ಹೀಗೇ ಇರುತ್ತದೆ ಎಂದುಕೊಂಡಿದ್ದರು. ಒಬ್ಬ ಗುಮಾಸ್ತರಂತೂ, “ಹಿಂದು ಮುಂದು ಮಾಡಿ ಭಾಳ ತಲಿ ಓಡಿಸ್ಯಾರ್ರಿ” ಎಂದು ಹೊಗಳಿ ಹೋದರು. ನಾಲ್ಕನೆಯ ದಿನ ನೆಲದಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೋಣೆಯ ಹತ್ತಿರ ಬಂದಳು.

“ಏನಪಾ ತಮ್ಮಾ, ಆಕಿ ಅತ್ತಿ ಮೂಗುತಿ ಕಳಕೊಳ್ಳೋಕಿಂತ ಮೊದ್ಲ ಹುಡುಕಾಕ ಹತ್ಯಾಳಲ್ಲ? ಮೂಗಿನ್ಯಾಗ ಇಟ್ಕೊಂಡು ಊರೆಲ್ಲಾ ಹುಡುಕತಾಳ!”

ಆ ದಿನ ಡೈರಿಯಲ್ಲಿ ಬರೆದದ್ದು: “ತಪ್ಪು ನನ್ನದು. ಹಿಡಿದದ್ದು ಒಬ್ಬಾಕೆ.”

1996ರ ದಸರೆಗೆ ಹಗರಿಬೊಮ್ಮನಹಳ್ಳಿ ಟಾಕೀಸಿನಲ್ಲಿದ್ದೆ. ಅಲ್ಲಿ ಶೇಖರಪ್ಪ ಎಂಬ ಮ್ಯಾನೇಜರ್. ಅವರಿಗೆ ಸಿನಿಮಾದ ಮೇಲೆ ದ್ವೇಷವೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಅವರ ಕಣ್ಣೆಲ್ಲ ಹಳ್ಳಿಗಳ ಕಡೆ ಹೋಗುವ ಕೊನೆಯ ಬಸ್ಸಿನ ಮೇಲೆ. ಆಟ ಬಸ್ಸಿಗಿಂತ ಹತ್ತು ನಿಮಿಷ ಮೊದಲೇ ಮುಗಿಯಬೇಕು, ಇಲ್ಲದಿದ್ದರೆ ನಾಳೆ ಹಳ್ಳಿಯವರು ಬರುವುದಿಲ್ಲ.

“ಐದನೇ ರೀಲಿನ ತಲಿಯಾಗ ಹಾಡೈತಲ್ಲ, ಅದನ್ನ ತೆಗಿ. ನಾಲ್ಕರ ಬಾಲಕ್ಕ ಸೀದಾ ಕೂಡಿಸಿಬಿಡು.”

“ಸಾರ್, ಬಾಲ ಕೂಡಿಸೋದು ಬ್ಯಾಡ್ರಿ. ಬ್ಯಾರೆ ಹಾಡು ತೆಗಿತೀನಿ.”

“ನಿಮ್ಮಪ್ಪನ ಪಿಕ್ಚರೇನೋ ಅದು?”

ನಾನು ಚೀಟಿ ತೋರಿಸಿದೆ. ಅವರು ಓದಿದರು, ಮಡಿಚಿ ಕೈಗೆ ಕೊಟ್ಟರು. “ಪಾಪ” ಎಂದರು. ಆಮೇಲೆ, “ಕೂಡಿಸು” ಎಂದರು. ಕೂಡಿಸಿದೆ. ಮುಗಿದ ಮೇಲೆ ಬಿಡಿಸಿದೆ. ನಾಲ್ಕು ಫ್ರೇಮು ಹೋಯಿತು. ಚೀಟಿಯಲ್ಲಿ ನನ್ನ ಹೆಸರಿನ ಮುಂದೆ 4 ಎಂದು ಬರೆದೆ. ನಡುವಿನ ಊರುಗಳಲ್ಲಿ ಹೋದದ್ದನ್ನೂ ಕಳೆದು ಉಳಿದದ್ದು ಎಂಬತ್ತೈದು. ಮುಂದೆ ಅದೇ ಟಾಕೀಸಿಗೆ ಟೇಪಿನ ಜಾಯಿಂಟರ್ ಬಂತು. ಅದರಲ್ಲಿ ಕೆರೆಯುವುದಿಲ್ಲ, ಒಂದು ಫ್ರೇಮೂ ಹೋಗುವುದಿಲ್ಲ. ಆದರೆ ಟೆಂಟುಗಳಿಗೆ ಅದನ್ನು ಯಾರೂ ಕೊಡಿಸಲಿಲ್ಲ.

1998ರ ಬೇಸಿಗೆಯಲ್ಲಿ ಹಡಗಲಿ ಟೆಂಟಿಗೆ ಪ್ರಿಂಟು ಬಂದಾಗ ಎಪ್ಪತ್ತೆರಡು ಉಳಿದಿತ್ತು. ಕಂಡಕ್ಟರನ ಕೈಲಿ ಹೊಳಲಿಗೆ ಸುದ್ದಿ ಕಳಿಸಿದೆ. ಉಚ್ಚೆಂಗೆಮ್ಮ ಮಗಳನ್ನು ಎತ್ತಿಕೊಂಡು ಬಂದಳು. ಮೂರೂವರೆ ವರ್ಷದ ಮಗು ಕತ್ತಲಾದ ಕೂಡಲೇ ಹೆದರಿ ಅಳಲು ಶುರುಮಾಡಿತು. ಎರಡನೇ ರೀಲಿಗೇ ತಾಯಿ ಅದನ್ನು ಎತ್ತಿಕೊಂಡು ಹೊರಗೆ ಹೋದಳು.

“ಇನ್ನೂ ಸಣ್ಣಕಿ ಐತ್ರಿ. ತೋರಿಸಿದ್ರೂ ನೆನಪಿರಂಗಿಲ್ಲ. ಬರೋ ವರ್ಷ ನೋಡಾನು” ಎಂದಳು. ಮೊದಲೇ ಮಗಳಿಗೆ ಏನೂ ಹೇಳಿರಲಿಲ್ಲ. “ಅಪ್ಪನ್ನ ತೋರಸ್ತೀನಿ ಅಂತ ಹೇಳಿ ಕರಕಂಡ್ ಬಂದ್ರ ದಾರಿ ಉದ್ದಕ್ಕೂ ಎಲ್ಲದಾನ ಎಲ್ಲದಾನ ಅಂತ ಕೇಳತಾಳ್ರಿ. ಅದಕ್ಕ ಅವ್ರು ನಕ್ಕ ಕೂಡ್ಲೇ ಬೊಟ್ಟು ಮಾಡಿ ತೋರ್ಸಬೇಕಂತ ಮಾಡೀನಿ. ಅಗಾ, ನಗತಾರಲ್ಲ, ಅವ್ರ ನಿಮ್ಮಪ್ಪ ಅಂತ.”

ಮರುವರ್ಷ ಚಿತ್ರ ನಮ್ಮ ಕಡೆ ಬರಲಿಲ್ಲ. ಕೊಟ್ರಪ್ಪನವರ ಕಣ್ಣು ಆ ವರ್ಷ ಪೂರ್ತಿ ಮಂಜಾಯಿತು. ಕೆಲಸ ಬಿಟ್ಟರು. ಹೋಗುವ ದಿನ ರೀಲುಗಳನ್ನೆಲ್ಲ ಒಮ್ಮೆ ಕೈಯಲ್ಲಿ ಹಿಡಿದು ನೋಡಿ, “ಬಸ್ಯಾ, ಪಿಕ್ಚರ್ ನಮ್ಮದಲ್ಲ, ಓಡ್ಸೋದಷ್ಟ ನಮ್ಮದು” ಎಂದರು. ಆ ಮಾತನ್ನೂ ಬರೆದುಕೊಂಡೆ. ಬರೆದುಕೊಂಡದ್ದೆಲ್ಲ ತಿಳಿದಂತೆ ಅಲ್ಲ.

2000ದ ಮೇ 7ರಂದು ಹಡಗಲಿಗೆ ಪ್ರಿಂಟು ಬಂತು. ನಾಲ್ಕು ದಿನದ ಮಟ್ಟಿಗೆ. ಪೆಟ್ಟಿಗೆಯೊಳಗೆ ವಿತರಕರ ಪತ್ರವಿತ್ತು: ಈ ಪ್ರಿಂಟು ಇಲ್ಲಿಂದ ವಾಪಸು ಬಂದ ಮೇಲೆ ಗುಜರಿಗೆ. ನಾಲ್ಕನೇ ಡಬ್ಬಿ ತೆಗೆದೆ. ಚೀಟಿ ಈಗ ನಾಲ್ಕು ಹಾಳೆಯಾಗಿತ್ತು. ಯಾರೋ ಟ್ವೈನ್ ದಾರ ಹಾಕಿ ಹೊಲಿದಿದ್ದರು. ಎಲ್ಲೆಲ್ಲಿಯೋ ಊರುಗಳ ಆಪರೇಟರುಗಳು ಬರೆದಿದ್ದರು: “1.” “ಏನೂ ಹೋಗಿಲ್ಲ.” “ಮಗಳು ಶಾಲೆಗೆ ಸೇರಿದಳೇ?” ಎಣಿಸಿದೆ. ಅರವತ್ತೊಂದು.

ಸುದ್ದಿ ಕಳಿಸಿದೆ. ಮೊದಲ ದಿನ ಅವಳು ಬರಲಿಲ್ಲ. ಎರಡನೇ ದಿನ ಬರಲಿಲ್ಲ. ಮೂರನೇ ದಿನ ಕಂಡಕ್ಟರ್, “ಹೇಳೀನಪ್ಪ, ಹೂವಿನ ಸುಗ್ಗಿ ಐತಿ, ಆಕಿ ಮಾತೇ ಆಡ್ಲಿಲ್ಲ” ಎಂದ. ನಾಲ್ಕನೆಯ ದಿನ ಮ್ಯಾಟಿನಿ ಒಂದೇ ಆಟ. ಆಟ ಮುಗಿದ ಕೂಡಲೇ ಪೆಟ್ಟಿಗೆ ಐದೂವರೆ ಬಸ್ಸಿಗೆ ಹೋಗಬೇಕು.

ಇನ್ನು ಅವಳು ಬರುವುದಿಲ್ಲ ಎಂದು ನಾನೇ ತೀರ್ಮಾನಿಸಿದೆ. ಗುಜರಿಗೆ ಹೋಗುವುದಕ್ಕಿಂತ ಅವಳ ಕೈಯಲ್ಲಿ ಇರುವುದು ಮೇಲು ಎನ್ನಿಸಿತು. ಆರು ವರ್ಷ ಎಲ್ಲರಿಗೂ ಕತ್ತರಿಸಬೇಡಿ ಎಂದು ಬರೆದ ನಾನು, ಬೆಳಿಗ್ಗೆ ಹತ್ತೂವರೆಗೆ ಕತ್ತರಿ ಹಿಡಿದೆ. ಅಂಚೆ ಲಕೋಟೆಯಲ್ಲಿ ಹಿಡಿಸಲೆಂದು ಎಂಟೆಂಟು ಫ್ರೇಮಿನ ತುಂಡು ಮಾಡಿದೆ. ಎಂಟು ಎಂಟರ ಏಳು ತುಂಡು, ಐದರದು ಒಂದು. ಅಂಚಿನಲ್ಲಿ ಶಾಯಿಯಿಂದ ಒಂದರಿಂದ ಎಂಟರವರೆಗೆ ಅಂಕಿ ಹಾಕಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಆರನೇ ತುಂಡಿನಲ್ಲಿ ಮಾತ್ರ ಹಾಲೇಶ ಬಾಯಿ ತುಂಬ ನಗುತ್ತಿದ್ದ. ನನಗೂ ಒಂದು ಇರಲಿ ಅನ್ನಿಸಿತು. ಆರು ವರ್ಷ ಎಣಿಸಿದ್ದೇನೆ, ಒಂದು ತುಂಡಿನ ಹಕ್ಕು ಇಲ್ಲವೇ ಎಂದುಕೊಂಡೆ. ಆ ತುಂಡನ್ನು ಗೋಂದು ಹಚ್ಚಿ ಡೈರಿಯ ಆ ದಿನದ ಪುಟಕ್ಕೆ ಅಂಟಿಸಿದೆ. ಉಳಿದ ಏಳನ್ನು ಲಕೋಟೆಗೆ ಹಾಕಿ ವಿಳಾಸ ಬರೆದೆ.

ಒಂದೂವರೆಗೆ ಬಾಗಿಲಲ್ಲಿ ಉಚ್ಚೆಂಗೆಮ್ಮ ನಿಂತಿದ್ದಳು. ಕೈ ಹಿಡಿದು ಮಗಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಹಸಿರು ಫ್ರಾಕು, ಮುಡಿಯ ತುಂಬ ಮಲ್ಲಿಗೆ.

“ಮೂರ್ ದಿನದಿಂದ ರಜಾ ಕೇಳಾಕ ಹತ್ತಿದ್ದೆರಿ. ಇವತ್ತು ಬಿಟ್ರು. ಇಕಿಗೆ ಐದು ತುಂಬ್ಯಾವ್ರಿ, ಈಗ ಕತ್ತಲಿಗೆ ಅಂಜಂಗಿಲ್ಲ.” ಮಗಳಿಗೆ ಹೇಳಿದಳು: “ಮಾಮಾರಿಗೆ ನಮಸ್ಕಾರ ಮಾಡವಾ.”

ಮಗು ಕೈ ಮುಗಿಯಿತು. ನಾನು ಅದನ್ನು ಕಡಲೆ ಮಾರುವವಳ ಹತ್ತಿರ ಕೂರಿಸಿ ಬಂದು, ತಾಯಿಯ ಕೈಗೆ ಲಕೋಟೆ ಕೊಟ್ಟೆ. ಹೆಮ್ಮೆಯಿಂದಲೇ ಕೊಟ್ಟೆ. ಗುಜರಿಯ ವಿಷಯ ಹೇಳಿದೆ. ಅವಳು ಒಂದು ತುಂಡನ್ನು ಬೆಳಕಿಗೆ ಹಿಡಿದಳು. ಇನ್ನೊಂದನ್ನು ಹಿಡಿದಳು.

“ಇದರಾಗ ಅವ್ರು ಅಲುಗಾಡಂಗಿಲ್ಲಲ್ರಿ.”

“ಇದು ನಿನ್ನ ಹತ್ರಾನ ಇರತೈತವಾ. ಯಾವಾಗ ಬೇಕಾದ್ರೂ ನೋಡಬೌದು.”

“ಫೋಟೋ ಮನ್ಯಾಗೈತ್ರಿ, ಅಣ್ಣಾರ.”

ಅವಳು ಸಿಟ್ಟು ಮಾಡಲಿಲ್ಲ. ತುಂಡುಗಳನ್ನು ಲಕೋಟೆಗೆ ಹಾಕಿ, ಎರಡೂ ಕೈಯಿಂದ ನನಗೆ ವಾಪಸು ಕೊಟ್ಟಳು. “ಮತ್ತ ಕೂಡಸಾಕ ಬರಂಗಿಲ್ಲೇನ್ರಿ?”

ಆಟಕ್ಕೆ ಐವತ್ತು ನಿಮಿಷ ಇತ್ತು. ಟೇಪಿನ ಜಾಯಿಂಟರ್ ಇದ್ದದ್ದು ಹಗರಿಬೊಮ್ಮನಹಳ್ಳಿಯಲ್ಲಿ, ಹೋಗಿ ಬರಲು ಎರಡು ಗಂಟೆಗೂ ಹೆಚ್ಚು. ಅಂಗಡಿಯ ಸೆಲ್ಲೋಟೇಪು, ಫಿಲಂ ಬೆಳಕಿನ ಮುಂದೆ ಹಾಯುವ ಗೇಟಿನ ಕಾವಿಗೆ ಅಂಟು ಬಿಟ್ಟು ಫಿಲಮ್ಮೇ ಸಿಕ್ಕಿಬೀಳುತ್ತದೆ. ಬ್ಲೇಡು, ಸಿಮೆಂಟು ತೆಗೆದುಕೊಂಡು ಕೂತೆ. ಮೊದಲು ಡೈರಿ ಬಿಚ್ಚಿ ಆರನೇ ತುಂಡನ್ನು ಎತ್ತಿದೆ. ಗೋಂದು ಕಚ್ಚಿತ್ತು. ನೀರು ಹಚ್ಚಿ ಎಬ್ಬಿಸಿದೆ. ಎದ್ದು ಬಂತು. ಆದರೆ ಬಣ್ಣವೆಲ್ಲ ಕಾಗದದಲ್ಲಿ ಉಳಿದು, ಕೈಯಲ್ಲಿ ಬರೀ ಪಾರದರ್ಶಕ ಪಟ್ಟಿ ಬಂತು. ಆ ಎಂಟು ಫ್ರೇಮು ಬಿಟ್ಟು ಏಳು ತುಂಡು. ಅವುಗಳಿಗೆ ಎಂಟು ಜಾಯಿಂಟು. ಕೊನೆಯದನ್ನು ಕರಿ ಫಿಲಮ್ಮಿನಲ್ಲಿ ಕೆರೆದೆ, ಉಳಿದ ಏಳಕ್ಕೆ ಹಾಲೇಶನದೇ ಒಂದೊಂದು ಫ್ರೇಮು ಹೋಯಿತು. ಒಂದೊಂದನ್ನೂ ಒತ್ತಿ ಹಿಡಿದು ಅರವತ್ತರವರೆಗೆ ಎಣಿಸಿದೆ. ಕಡೆಗೆ ಉಳಿದದ್ದು ನಲವತ್ತಾರು. ಎರಡು ಸೆಕೆಂಡಿಗೆ ಎರಡು ಫ್ರೇಮು ಕಡಿಮೆ.

ಅವಳಿಗೆ, “ಕೂಡಿಸೀನವಾ” ಎಂದಷ್ಟೇ ಹೇಳಿದೆ. ಡೈರಿಗೆ ಅಂಟಿಸಿದ್ದ ತುಂಡಿನ ಮಾತು ಎತ್ತಲಿಲ್ಲ.

ಅಂದು ಟೆಂಟು ಅರ್ಧ ತುಂಬಿತ್ತು. ತಾಯಿ ಮಗಳು ನೆಲದಲ್ಲಿ, ಪರದೆಗೆ ಹತ್ತಿರ ಕೂತಿದ್ದರು. ನಾಲ್ಕನೇ ರೀಲು ಏರಿಸಿ ಕಿಂಡಿಗೆ ಕಣ್ಣಿಟ್ಟೆ. ಕೋಟೆಯ ಬಾಗಿಲು ಬಂತು. ಉಚ್ಚೆಂಗೆಮ್ಮ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಕಾರು ನಿಂತಿತು, ಹೊಗೆ ಬಂತು. ಅವಳ ಬಲಗೈ ಮೇಲೆದ್ದಿತು. ಪರದೆಯ ಬೆಳಕಿನಲ್ಲಿ ಆ ಬೆರಳಿನ ನೆರಳು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಸೈನಿಕರು ಹಿಂದೆ ಸರಿದರು. ಹಾಲೇಶ ತುಟಿ ಕಚ್ಚಿದ, ಜಾಯಿಂಟು ಬಂದಲ್ಲಿ ಸಣ್ಣಗೆ ಜಿಗಿದ, ಮತ್ತೆ ಜಿಗಿದ. ತುಟಿ ಇನ್ನೇನು ಬಿಚ್ಚಬೇಕು, ಅಷ್ಟರಲ್ಲಿ ಮುಖ ಬೇರೆ ಕಡೆ ತಿರುಗಿತ್ತು. ರೀಲು ಮುಗಿಯಿತು. ದೀಪ ಹಾಕಿದೆ. ಅವಳ ಕೈ ಇನ್ನೂ ಮೇಲೆಯೇ ಇತ್ತು.

ಎಂಟು ಜಾಯಿಂಟಿನಲ್ಲಿ ಒಂದೂ ಬಿಟ್ಟಿರಲಿಲ್ಲ.

ಇಂಟರ್‌ವಲ್‌ನಲ್ಲಿ ಇಬ್ಬರೂ ಕೋಣೆಯ ಹತ್ತಿರ ಬಂದರು. ಮಗುವಿನ ಕೈಯಲ್ಲಿ ಕಡಲೆ ಪೊಟ್ಟಣ.

“ನಕ್ಕ ಕೂಡ್ಲೇ ಹೇಳಬೇಕಂತ ಕುಂತಿದ್ದೆರಿ” ಎಂದಳು ಉಚ್ಚೆಂಗೆಮ್ಮ. ದನಿ ಮೆಲ್ಲಗಿತ್ತು. “ಇವತ್ತ್ಯಾಕೋ ಅವ್ರು ನಗಲೇ ಇಲ್ಲ.”

ನಾನು ರಿವೈಂಡರ್ ಹಿಡಿ ತಿರುಗಿಸುತ್ತಲೇ ಇದ್ದೆ.

ಮಗು ತಾಯಿಯ ಸೆರಗು ಎಳೆಯಿತು. “ಯಾರವ್ವಾ? ಯಾರು ನಗಲಿಲ್ಲ?”

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ ಮಗಳ ಬಾಯಿಗೆ ಅಂಟಿದ್ದ ಕಡಲೆ ಸಿಪ್ಪೆ ಒರೆಸಿದಳು.

“ಯಾರೂ ಇಲ್ಲವಾ. ಕಾರು ಬಂತಲ್ಲ, ಚೆಂದಿತ್ತಲ್ಲ?”

“ಹೂಂ. ಹೊಗಿ ಬಿಡ್ತು.”

“ಹೊಗಿ ಬಿಡ್ತು” ಎಂದಳು ಅವಳೂ. “ಬಾ, ಮುಂದಿಂದು ಚಾಲೂ ಆಗತೈತಿ.”